ಕಡಿದ ದಾರಿಯಲ್ಲಿ ಬಂದ ನೀರು

ಮೇ 17, ಶನಿವಾರ. ರಾತ್ರಿ.

ವಾರವೆಲ್ಲ ಒಂದೇ ಸಂಕಟ. ಮಳೆ ಬಂದೂ ಕೆರೆಗೆ ನೀರು ಬಾರದಿದ್ದರೆ?

ವಿಜಯನಗರದ ನಮ್ಮ ಕೆರೆಯ ಸುತ್ತ ನಾವೇ ಆಸೆಪಟ್ಟು ವಾಕಿಂಗ್ ಪಾತ್ ಹಾಕಿಸಿದ್ದೆವು. ಚೆಂದ ಮಾಡುವ ಭರದಲ್ಲಿ ನೀರು ಒಳಬರುವ ಕಾಲುವೆಯ ಬಾಯಿಯನ್ನೇ ಮುಚ್ಚಿಬಿಟ್ಟಿದ್ದೆವು. ಹೋದ ಮಳೆಗಾಲದಲ್ಲಿ ಕೆರೆ ಬತ್ತಿಯೇ ಉಳಿಯಿತು, ನೀರೆಲ್ಲ ರಸ್ತೆಗೆ ಹರಿಯಿತು. ಪಾತ್ ಕಡಿಯೋಣ ಎಂದು, ಊರೂರು ಸುತ್ತಿ ಕಥೆ ಹೇಳುವ ನಾನು ಹಟ ಹಿಡಿದೆ. ನೀರು ಬರದಿದ್ದರೆ ನಾನೇ ಮಣ್ಣು ಹೊತ್ತು ಮುಚ್ಚುತ್ತೇನೆ ಎಂದು ಬಡಾವಣೆಯ ಸಂಘದಲ್ಲಿ ಮಾತು ಕೊಟ್ಟೆ. ಕಳೆದ ಭಾನುವಾರ ಎಲ್ಲರೂ ಸೇರಿ ಕಡಿದೆವು, ಪಕ್ಕದ ಮನೆಯ ರಮಾಮಣಿಯವರೊಬ್ಬರನ್ನು ಬಿಟ್ಟು. ದಿನಾ ಬೆಳಿಗ್ಗೆ ಕೆರೆ ಸುತ್ತುವವರು ಅವರು.

ಇವತ್ತು ಸಂಜೆ ಮಳೆ ಹೊಡೆಯಿತು. ಕೆರೆಗೆ ಓಡಿದೆ. ರಮಾಮಣಿ ಆಗಲೇ ಛತ್ರಿ ಹಿಡಿದು ನಿಂತಿದ್ದರು.

"ಕಥೆ ಹೇಳೋರ ಮಾತು ಕೇಳಿ ಇದ್ದ ದಾರೀನೂ ಕಳ್ಕೊಂಡ್ವಿ. ಎಲ್ಲಿ ಕಣ್ರೀ ನಿಮ್ಮ ನೀರು?"

ನಾನು ಕಾಲುವೆಯ ಕಡೆಗೇ ನೋಡುತ್ತ ನಿಂತೆ. ಮೊದಲು ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು ತೇಲಿ ಬಂದವು. ಅವರು ನಕ್ಕರು. ಹಿಂದೆಯೇ ಕೆಂಪು ನೀರು ನಾವು ಕಡಿದ ಜಾಗದಲ್ಲೇ ನುಗ್ಗಿತು, ಮದುವೆ ಮನೆಗೆ ಬೀಗರು ನುಗ್ಗುವ ಹಾಗೆ.

ರಮಾಮಣಿ ಕಡಿದ ಅಂಚಿಗೆ ಬಂದು ಬಗ್ಗಿ ನೋಡಿದರು. ಆಮೇಲೆ, "ನಾಳೆಯಿಂದ ಇಲ್ಲೀವರೆಗೂ ಬಂದು ವಾಪಸ್ ತಿರುಗ್ತೀನಿ ಬಿಡಿ, ಚಿಕ್ಕಬಸವಯ್ಯನವರೇ," ಎಂದರು.

ಗೆದ್ದೆ. ಜನ ಸೇರಿದ ಕಡೆಯಲ್ಲೆಲ್ಲ ಈ ಕಥೆಯನ್ನು ಸಾಯುವವರೆಗೂ ಹೇಳುತ್ತೇನೆ.

ಹೊರಗೆ ಮತ್ತೆ ಹನಿ ಶುರುವಾಯಿತು. ಕಣ್ಣು ಎಳೆಯುತ್ತಿದೆ, ಆದರೂ ಟಾರ್ಚ್ ಹಿಡಿದು ಇನ್ನೊಮ್ಮೆ ಹೋಗಿ ನೋಡಿ ಬರುತ್ತೇನೆ.