ಸಿಲಿಂಡರಿನೊಳಗಿನ ತೂಗಾಟ

ಮಾರ್ಚ್ 4, ಮಂಗಳವಾರ

ರೀಡಿಂಗ್ ಮುಗಿಯಿತು, ಗೈಡ್ ಮೇಡಂ ಹೋಗಿ ಬಾ ಎಂದರು, ಇನ್ನು ನಾನು ಅವನ ಹತ್ತಿರ!!! ಮದುವೆಯಾಗಿ ನಲವತ್ತೊಂದು ದಿನ, ಜೊತೆಗಿದ್ದದ್ದು ಒಂಬತ್ತೇ. ಅವನು ಅಲ್ಲಿ, ನಾನು ಇಲ್ಲಿ, ನಡುವೆ ಸವತಿಯ ಹಾಗೆ ಈ ಗಾಜಿನ ಸಿಲಿಂಡರ್. ಒಳಗೆ ಎಣ್ಣೆ, ಕೆಳಗೆ ಹೀಟರ್, ಮೇಲೆ ತಣ್ಣೀರು. ಬಿಸಿ ಎಣ್ಣೆ ಒಂದು ಪಕ್ಕ ಏರಿ, ತಣಿದು, ಇನ್ನೊಂದು ಪಕ್ಕ ಇಳಿಯುತ್ತದೆ. ಬೆರೆಸಿದ ಅಲ್ಯೂಮಿನಿಯಂ ಪುಡಿ ಮಿನುಗಿ ಆ ಸುತ್ತು ಕಾಣುತ್ತದೆ... ಎಷ್ಟು ಚೆಂದ! ಎಷ್ಟು ಡಿಗ್ರಿಗೆ ಅದು ಸ್ಥಿರತೆ ಕಳೆದುಕೊಂಡು ತೂಗಾಡುತ್ತದೆ — ಅದೇ ನನ್ನ ಥೀಸಿಸ್. ಉತ್ತರ: ಕೆಳಕ್ಕೂ ಮೇಲಕ್ಕೂ ಹದಿನಾಲ್ಕು ಡಿಗ್ರಿ ವ್ಯತ್ಯಾಸ. ಮೇಡಂ ಸೋಮವಾರದ ಸೆಮಿನಾರಿನಲ್ಲಿ ಇದನ್ನೇ ಹೇಳುತ್ತಾರಂತೆ. ಕಾಲು ನೆಲದ ಮೇಲಿಲ್ಲ!

ಮಾರ್ಚ್ 5

ಸೆಮಿನಾರಿಗೆ ವಿಡಿಯೊ ಬೇಕಿತ್ತು. ಹನ್ನೆರಡು ಡಿಗ್ರಿಗೆ ಇಟ್ಟೆ — ಶಾಂತವಾದ ಸುತ್ತು. ಅಷ್ಟರಲ್ಲಿ ಅವನ ಫೋನ್. ಹೊಸ ಮನೆಯ ಕಿಟಕಿಗೆ ಪರದೆ ನೀಲಿಯೋ ಹಳದಿಯೋ ಎಂದು ಎರಡೂವರೆ ಗಂಟೆ. ವಾಪಸ್ ಬಂದರೆ... ಎಣ್ಣೆ ತೂಗಾಡುತ್ತಿದೆ. ಹನ್ನೆರಡಕ್ಕೇ.

ಗೊತ್ತು, ಯಾಕೆಂದು ಗೊತ್ತು. ಅಂಚಿನಲ್ಲಿ ತೂಗಾಟ ಬಹಳ ನಿಧಾನವಾಗಿ ಬೆಳೆಯುತ್ತದೆ. ಅದಕ್ಕೇ ಬಿಸಿ ಏರಿಸುವ ಪ್ರತಿ ಹಂತಕ್ಕೂ ನಾಲ್ಕು ಗಂಟೆ ಕಾಯಬೇಕು, ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಕೊನೆಯ ನಾಲ್ಕು ಹಂತಗಳಿಗೆ ನಾನು ಕಾದದ್ದು ನಲವತ್ತು ನಿಮಿಷ. ಬರೆದದ್ದು ನಾಲ್ಕು ಗಂಟೆ.

ಮಾರ್ಚ್ 6

ಲ್ಯಾಬಿನ ಮೆಕ್ಯಾನಿಕ್, ನಮ್ಮೆಲ್ಲರ ಮಾವ, ಬಂದರು.

"ಏನಮ್ಮ ಮದುಮಗಳೇ, ಮುಖ ಯಾಕೆ ಸೋರೆ ಬುರುಡೆ ಆಗಿದೆ?"

"ಹನ್ನೆರಡಕ್ಕೇ ತೂಗಾಡ್ತಿದೆ ಮಾವ. ನಾನು ಸ್ವಲ್ಪ ಆತುರ ಮಾಡಿದೆ."

"ನಿನಗೆ ಮದುವೆ ಆಗಿದ್ದು ಎಣ್ಣೆಗೇನು ಗೊತ್ತು? ಅದು ತಗೊಳ್ಳೋಷ್ಟು ಸಮಯ ತಗೊಳ್ಳುತ್ತೆ."

ನಗಲು ಹೋದೆ, ಬರಲಿಲ್ಲ.

ಮಾರ್ಚ್ 9, ಭಾನುವಾರ

ಎರಡು ದಿನ ಬರೆಯಲಿಲ್ಲ. ನಾಳೆ ಸೆಮಿನಾರ್. ಅವನಿಗೆ ಎಲ್ಲ ಹೇಳಿಬಿಟ್ಟೆ. ಸುಳ್ಳು ಬರೆದದ್ದನ್ನೂ.

"ಯಾರಿಗೂ ಗೊತ್ತಾಗಲ್ಲ ಅಲ್ವಾ?" ಅಂದ.

"ಮೇಡಂ ನೂರು ಜನರ ಮುಂದೆ ಆ ಅಂಕಿ ಹೇಳ್ತಾರೆ ಕಣೋ. ತಮ್ಮ ಹೆಸರಲ್ಲಿ."

ಅದಕ್ಕೆ ಅವನು, "ಹೇಳ್ಬಿಡು. ನಾನೇನು ಓಡಿಹೋಗ್ತೀನಾ? ಪರದೆ ಇನ್ನೂ ತಂದೇ ಇಲ್ಲ."

ಮಾರ್ಚ್ 10, ಬೆಳಿಗ್ಗೆ 11

ಹೇಳಿದೆ. ಮೇಡಂ ಬೈಯಲಿಲ್ಲ — ಬೈದಿದ್ದರೆ ಚೆನ್ನಾಗಿತ್ತು. ಆ ಸ್ಲೈಡ್ ತೆಗೆದರು. ಲಾಗ್ ಬುಕ್ ತೆರೆದು ನಾಲ್ಕು ಸಾಲುಗಳ ಮೇಲೆ ಕೆಂಪು ಗೆರೆ ಎಳೆದರು. ಪಕ್ಕದಲ್ಲಿ ನನ್ನಿಂದ ಸಹಿ ಹಾಕಿಸಿದರು.

"ಈ ನಾಲ್ಕನ್ನು ಮತ್ತೆ ಮಾಡ್ತೀನಿ ಮೇಡಂ."

"ಉಳಿದ ಹದಿನೆಂಟನ್ನು ನಾನು ಹೇಗಮ್ಮ ನಂಬಲಿ?"

ಆ ಹದಿನೆಂಟೂ ನಿಜ! ನಿಜವಾಗಿಯೂ ಕಾದಿದ್ದೆ! ಅವರು ಉಳಿದ ಸಾಲುಗಳಿಗೂ ಗೆರೆ ಎಳೆಯುವುದನ್ನು ನೋಡುತ್ತ ನಿಂತೆ.

ಮಾರ್ಚ್ 11, ಮಧ್ಯಾಹ್ನ 12.20

ಮೊದಲ ಹಂತ. ಎಂಟೂವರೆಗೆ ಹೀಟರ್ ಹಾಕಿದ್ದು. ಇನ್ನೂ ಹತ್ತು ನಿಮಿಷ, ಕುರ್ಚಿ ಬಿಟ್ಟು ಏಳುವುದಿಲ್ಲ. ದಿನಕ್ಕೆ ಎರಡು ಹಂತ, ಒಟ್ಟು ಹನ್ನೊಂದು ದಿನ. ಅಂಕಿ ಎಷ್ಟು ಬರುತ್ತದೋ ಬರಲಿ, ಭಯವಾಗುತ್ತದೆ, ಆದರೂ ಬರಲಿ. ಮೇಡಂ ಬಾಗಿಲಲ್ಲಿ ಒಮ್ಮೆ ನಿಂತು ಹೋದರು. ಅವನಿಗೆ ಮೆಸೇಜ್ ಹಾಕಬೇಕು — 22, ಶನಿವಾರ, ಎರಡು ಹತ್ತರ ಪ್ಯಾಸೆಂಜರ್, ಕೊನೆಯಿಂದ ಮೂರನೇ ಬೋಗಿ. ಹನ್ನೆರಡೂವರೆ ಆಯಿತು, ಪೆನ್ನು ಕೆಳಗಿಟ್ಟು ಎಣ್ಣೆ ನೋಡಬೇಕು.