ಹರಿಯದ ಸೀಟಿಗೆ ತೇಪೆ

ಶನಿವಾರ, ನವೆಂಬರ್ ೯, ಶೆಫೀಲ್ಡ್

ನಾನು ಯಾಕೆ ನಕ್ಕೆ? ಹಾಸಿಗೆಗೆ ಬಂದರೂ ಅದೇ ಕೊರೆಯುತ್ತಿದೆ.

ಮಧ್ಯಾಹ್ನ ಅಪ್ಪನನ್ನು ನನ್ನ ಮೆಚ್ಚಿನ ಅಮೆರಿಕನ್ ಶೈಲಿಯ ಬಾರಿಗೆ ಕರೆದುಕೊಂಡು ಹೋಗಿದ್ದೆ. ಆ ಮಬ್ಬುಗತ್ತಲು, ಗೋಡೆ ತುಂಬ ಟೆನೆಸಿಯ ಕಾರುಗಳ ನಂಬರ್ ಪ್ಲೇಟು, ಕಾಲಿಗೆ ಅಂಟುವ ನೆಲ. ಅಲ್ಲಿ ಕೂತರೆ ನಾನು ಈ ಊರಿನವನೇ ಅಲ್ಲ, ಯಾವುದೋ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಬಂದವನು ಅನ್ನಿಸುತ್ತದೆ. ಆ ಕೊಳಕೇ ನನಗಿಷ್ಟ.

ಅಪ್ಪ ಕೂತ ಕೆಂಪು ಸೀಟಿಗೆ ಬೆಳ್ಳಿ ಬಣ್ಣದ ಟೇಪು ಅಂಟಿಸಿದ್ದರು. ಅವನ ಕೈ ಸುಮ್ಮನಿರಲಿಲ್ಲ. ಉಕ್ಕಿನ ಕಾರ್ಖಾನೆ ಕೆಲಸಗಾರರ ಕ್ಲಬ್ಬು ಹೋದ ವರ್ಷ ಮುಚ್ಚುವವರೆಗೂ ಅಲ್ಲಿ ಹರಿದ ಸೀಟುಗಳಿಗೆ ತೇಪೆ ಹಾಕುತ್ತಿದ್ದವನು ಅವನೇ. ಸೊಟ್ಟಗಿದ್ದ ಟೇಪನ್ನು ನೆಟ್ಟಗೆ ಮಾಡಲೆಂದು ಕಿತ್ತ. ನೋಡಿದರೆ ಕೆಳಗೆ ಹೊಚ್ಚ ಹೊಸ ಚರ್ಮ.

"ಲೋ ಕ್ಲೈವ್, ಇದು ಹರಿದೇ ಇಲ್ವಲ್ಲೋ!"

ಬಾರಿನ ಹುಡುಗಿ ಟಿಲ್ಲಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ತಾತ, ಅದು ಅಲಂಕಾರಕ್ಕೆ. ಕೀಳ್ಬೇಡಿ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ಅಪ್ಪ ಕಿವಿ ಕೆಂಪಗೆ ಮಾಡಿಕೊಂಡು, "ತಪ್ಪಾಯ್ತು ಕಣಮ್ಮ" ಎಂದು ಟೇಪನ್ನು ಮತ್ತೆ ಇದ್ದ ಹಾಗೇ, ಸೊಟ್ಟಗೇ ಅಂಟಿಸಿದ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ "ಬಿಯರ್ ಚೆನ್ನಾಗಿತ್ತು" ಎಂದ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, "ನಮ್ಮ ಕ್ಲಬ್ಬಲ್ಲಿ ನಿಜವಾಗ್ಲೂ ಹರಿದಿತ್ತು ಕಣೋ. ಎಷ್ಟು ಸಲ ಕರೆದೆ ನಿನ್ನ" ಎಂದ.

ಹೌದು, ಕರೆದಿದ್ದ. ಪ್ರತಿ ಸಲವೂ ನಾನು ಹೇಳಿದ್ದು ಒಂದೇ ಮಾತು: "ಛೀ, ಅಲ್ಲಿ ಬರೀ ಕೊಳಕು ಕಣಪ್ಪ."