ಮೂವತ್ತಾರು ಇಂಚಿನೊಳಗೆ

೯ ಜನವರಿ ೧೯೬೧, ಸೋಮವಾರ. ಬೆಳಿಗ್ಗೆ

ಡ್ರಾಯಿಂಗಿನಲ್ಲಿ ಬಾಗಿಲು ಪುನಃ ಅಳಿಸಿದೆ. ಇದು ಹದಿನಾಲ್ಕನೆಯದು. ಒಳಕ್ಕೆ ತೆರೆದರೆ ಮೊಣಕಾಲಿಗೆ ಬಡಿಯುತ್ತದೆ. ಹೊರಕ್ಕೆ ತೆರೆದರೆ ಕಾಫಿ ತಟ್ಟೆ ಹಿಡಿದು ಬರುವ ಏರ್ ಹೋಸ್ಟೆಸಳ ಮೂಗಿಗೆ. ಮಡಚುವ ಬಾಗಿಲೇ ಆಗಬೇಕು — ಹಾರ್ಮೋನಿಯಂ ತಿದಿಯ ಹಾಗೆ.

ವಿಮಾನದ ಕಕ್ಕಸು ಡಿಸೈನ್ ಮಾಡಿದವನು ಯಾರೋ. ಸಿಕ್ಕಿದರೆ ಅವನನ್ನು ಅದರೊಳಗೇ ಕೂರಿಸಿ ಚಿಲಕ ಹಾಕಬೇಕು. ಅಗಲ ಮೂವತ್ತಾರು ಇಂಚು. ಅಷ್ಟರಲ್ಲಿ ಸೀಟು, ಬೇಸಿನ್, ಕನ್ನಡಿ, ಕಾಗದದ ಸುರುಳಿ, ಸಿಗರೇಟಿನ ಬೂದಿಗೊಂದು ಡಬ್ಬಿ. ಮನುಷ್ಯನಿಗೆ ಮಾತ್ರ ಜಾಗವಿಲ್ಲ.

ಮೊನ್ನೆ ವಿಮಾನ ಕಂಪೆನಿಯ ಕಾಗದ ಬಂತು. ಒಂದು ಇಂಚು ಹೆಚ್ಚು ಮಾಡಿದರೂ ಒಂದು ಸಾಲು ಸೀಟು ಹೋಗುತ್ತದಂತೆ. 'ವಿ ರಿಗ್ರೆಟ್.' ರಿಗ್ರೆಟ್ ಮಾಡಲಿಕ್ಕೆ ಬೇರೆಯೇ ಟೈಪಿಸ್ಟ್ ಇಟ್ಟಿದ್ದಾರೋ ಏನೋ! ಆಗಲಿ. ಮೂವತ್ತಾರರೊಳಗೇ ಮಾಡಿ ತೋರಿಸುತ್ತೇನೆ. ಕಾಲು ಮಡಚಲಾಗದವರೂ ಒಳಗೆ ಕೂತು, ಬಾಗಿಲು ಹಾಕಿಕೊಂಡು, ಮರ್ಯಾದೆಯಿಂದ ಹೊರಗೆ ಬರುವ ಹಾಗೆ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು ನಾನು. ಇಂಟರ್ ಫೇಲಾದದ್ದು ಇಂಗ್ಲಿಷಿನಲ್ಲಿ. ಲೆಕ್ಕದಲ್ಲಿ ಅಲ್ಲ.

೧೫ ಜನವರಿ, ಭಾನುವಾರ

ಬೊನಿಫಾಸ್ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ನೇರ ಇಲ್ಲಿಗೆ ಬಂದ. ಕಾರ್ಖಾನೆಯಲ್ಲಿ ಹಂಚಿನ ಅಚ್ಚು ಕೆತ್ತುತ್ತಿದ್ದವನು, ನನ್ನೊಟ್ಟಿಗೇ ರಿಟೈರ್ ಆದವನು. ನನ್ನ ಡ್ರಾಯಿಂಗ್ ಅವನಷ್ಟು ಚೆನ್ನಾಗಿ ಓದುವವರು ಯಾರೂ ಇಲ್ಲ. ನನ್ನ ಸ್ಕೇಲನ್ನೇ ಹಿಡಿದು ಜಗಲಿಯಲ್ಲಿ ಚೌಕಟ್ಟು ನಿಲ್ಲಿಸಿದ. ಟೀ ಪೆಟ್ಟಿಗೆಯ ಪ್ಲೈವುಡ್ ಗೋಡೆ. ಸೀಟು ಮೂಲೆಗೆ, ಓರೆಯಾಗಿ. ಬೇಸಿನ್ ರೈಲಿನ ಬರ್ತ್‌ನ ಹಾಗೆ ಗೋಡೆಗೆ ಮಡಚುತ್ತದೆ. ಅದರ ಕೆಳಗೆ ಕಾಲು ನೀಳ ಚಾಚಬಹುದು. ಇದೇ ನನ್ನ ಪಾಯಿಂಟ್.

ಗುಡಿಸಲಿಕ್ಕೆ ಬರುವ ಬಾಗಿ ಎಂಬವಳು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಹಿತ್ತಿಲಲ್ಲಿ ಒಂದು ಉಂಟಲ್ಲ ಧಣಿ, ಜಗಲಿಗೆ ಇನ್ನೊಂದು ಎಂತಕ್ಕೆ? ನೆಂಟರು ಬಂದರೆ ಕೂರಿಸ್ಲಿಕ್ಕಾ?"

ಬೈದು ಓಡಿಸಿದೆ. ಬೊನಿಫಾಸ್ ಮೊಳೆ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದ. ಅವನಿಗೂ ಬೈದೆ.

ಸಂಜೆ ವಾರಿಜಾಕ್ಷಿ ಬಂದಳು. ನನ್ನ ಹೆಂಡತಿ ಶಶಿಯ ತಂಗಿ. ಅಕ್ಕನದೇ ಎತ್ತರ, ಅಕ್ಕನದೇ ಕಾಲು. ಮರದ ಎರಡು ಪಟ್ಟಿ ಇಟ್ಟು ಎಡಗಾಲನ್ನು ಸೊಂಟದಿಂದ ಪಾದದ ತನಕ ಬಿಗಿದು ಕಟ್ಟಿ ಒಳಗೆ ಕೂತಳು.

"ಬೇಗ ನೋಡಿ ಬಾವ. ದಾರಿಯಲ್ಲಿ ಹೋಗುವವರು ಕಂಡರೆ ನನ್ನ ಕತೆ ಮುಗೀತು."

ಬಾಗಿಲು ಎಳೆದೆ. ಮುಚ್ಚಿತು! ಇನ್ನೂ ಎರಡು ಬೆರಳು ಜಾಗ ಬಾಕಿ. ಒಳಗಿನಿಂದ ವಾರಿಜ, "ಇಲ್ಲಿ ಒಬ್ಬರು ಭಜನೆಯೂ ಮಾಡಬಹುದು," ಎಂದಳು.

ಕಂಪೆನಿಗೆ ಇವತ್ತೇ ಬರೆಯುತ್ತೇನೆ. ಐ ಬೆಗ್ ಟು ಸ್ಟೇಟ್ ಅಲ್ಲ. ಐ ಸ್ಟೇಟ್.

೧೯ ಜನವರಿ, ಗುರುವಾರ

ಇವತ್ತಿಗೆ ಎರಡು ವರ್ಷ, ಬಜಪೆಯಲ್ಲಿ ವಿಮಾನ ಹತ್ತಿ. ಶಶಿಗೆ ಮೊಣಕಾಲಿನ ಮೂಳೆ ಕೆಟ್ಟಿತ್ತು. ಬೊಂಬಾಯಿಯಲ್ಲಿ ಆಪರೇಷನ್ ಎಂದರು. ಸೊಂಟದಿಂದ ಪಾದದ ತನಕ ಪ್ಲಾಸ್ಟರ್. ಅರ್ಧ ದಾರಿಯಲ್ಲಿ ಅವಳಿಗೆ ಹೋಗಲೇಬೇಕಾಯಿತು. ಕೂರಿಸಿದ್ದಾಯಿತು. ಬಾಗಿಲು ಮುಚ್ಚಲಿಲ್ಲ. ಕಾಲು ಹೊರಗೆ. ಕೋಟು ಬಿಚ್ಚಿ ಅಡ್ಡ ಹಿಡಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಪಕ್ಕದವನಿಗೆ ಏನೋ ಹೇಳಿ ನಕ್ಕ. ಅವನಿಗೆ ಹೇಳಬೇಕಾದದ್ದು ಹೇಳಿದೆ. ಹೋಸ್ಟೆಸಳಿಗೆ ಹೇಳಬೇಕಾದದ್ದು ಹೇಳಿದೆ. ಪೈಲಟನನ್ನೂ ಕರೆಸಿ ಹೇಳಿದೆ — ಇಂಗ್ಲಿಷಿನಲ್ಲಿ, ಕಾಲೇಜು ಬಿಟ್ಟ ಮೇಲೆ ಅಷ್ಟು ಇಂಗ್ಲಿಷ್ ಬಾಯಿಗೆ ಬಂದದ್ದು ಅವತ್ತೇ.

ಶಶಿ ಬೊಂಬಾಯಿ ತಲುಪುವ ತನಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ವಾಪಸು ಬರುವಾಗ ಹಟ ಹಿಡಿದಳು. ವಿಮಾನ ಬೇಡ, ಹಡಗಿನಲ್ಲಿ ಹೋಗುವ. ಡಾಕ್ಟರು ಬೇಡವೆಂದರು. ಕೇಳಲಿಲ್ಲ. ಎರಡು ದಿನ ಹಡಗು, ಉಪ್ಪುಗಾಳಿ, ತುಯ್ದಾಟ. ಬಂದರಿನಲ್ಲಿ ಇಳಿಸುವಾಗ ಜ್ವರ ನೂರಮೂರು. ಗಾಯ ಕೀವಾಗಿತ್ತು. ಆಮೇಲೆ ಹನ್ನೊಂದು ದಿನ.

ಒಂದು ಬಾಗಿಲು ಮುಚ್ಚಿದ್ದರೆ ಅವಳು ಇರುತ್ತಿದ್ದಳು. ಒಪ್ಪದವರು ಹಾಳಾಗಿ ಹೋಗಲಿ.

೨೪ ಜನವರಿ. ಮಧ್ಯಾಹ್ನ

ಊಟಕ್ಕೆ ಕೂರದೆ ಬರೆಯುತ್ತಿದ್ದೇನೆ.

ಬಂದರಿನ ವ್ಯಾಪಾರಿ ಅಹ್ಮದ್ ಬಾವನ ಮಗ ಜಮಾಲುದ್ದೀನ್ ಬಂದಿದ್ದ. ಬೊಂಬಾಯಿಯಲ್ಲಿ ಅದೇ ಕಂಪೆನಿಯ ಇಂಜಿನಿಯರ್, ರಜೆಯಲ್ಲಿ ಊರಿಗೆ ಬಂದವನು. ನನ್ನ ಕಾಗದ ಆಫೀಸಿನಲ್ಲಿ ನೋಡಿದ್ದನಂತೆ, ನಮ್ಮ ಊರಿನವರು ಎಂದು ಹುಡುಕಿಕೊಂಡು ಜೆಪ್ಪುವಿನ ನನ್ನ ಮನೆಗೆ ಬಂದ. ಜಗಲಿಯ ಪ್ಲೈವುಡ್ ಪೆಟ್ಟಿಗೆಯೊಳಗೆ ಹೊಕ್ಕು, ಬೇಸಿನ್ ಎತ್ತಿ, ಇಳಿಸಿ, "ಐಡಿಯಾ ಭಾರೀ ಒಳ್ಳೆದುಂಟು ಸಾರ್," ಎಂದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಜೇಬಿನಿಂದ ಸ್ಟೀಲ್ ಟೇಪ್ ತೆಗೆದ.

"ಮೂವತ್ತೊಂಬತ್ತು ಉಂಟಲ್ಲ ಸಾರ್?"

"ಮೂವತ್ತಾರು."

"ಇಲ್ಲ ಸಾರ್, ನೀವೇ ನೋಡಿ. ಮೂರು ಇಂಚು ಜಾಸ್ತಿ. ಮೂವತ್ತಾರಲ್ಲಿ ಆದ್ರೆ ಹೇಳಿ, ಚೀಫ್ ಹತ್ರ ನಾನೇ ತಕ್ಕೊಂಡು ಹೋಗ್ತೇನೆ. ಮೂವತ್ತೊಂಬತ್ತರಲ್ಲಿ ಆದ್ರೆ ನಮ್ಮಲ್ಲಿ ಪ್ಯೂನ್ ಸಹ ಮಾಡ್ತಾನೆ."

ಪ್ಯೂನ್! ಟೇಪು ಎಳೆದು ಅಂಗಳಕ್ಕೆ ಎಸೆದೆ. ನಿನ್ನ ಟೇಪು ಸುಳ್ಳು, ನಿನ್ನ ಕಂಪೆನಿ ಸುಳ್ಳು, ನಾನು ಗೆರೆ ಎಳೆಯಲಿಕ್ಕೆ ಕಲಿತಾಗ ನಿನ್ನ ಅಪ್ಪನಿಗೆ ಮೀಸೆ ಬಂದಿರಲಿಲ್ಲ — ಇನ್ನೂ ಏನೇನೋ. ಹುಡುಗ ಟೇಪು ಹೆಕ್ಕಿ, ಮಣ್ಣು ಒರಸಿ, ಹೋದ.

೨೫ ಜನವರಿ

ಬೊನಿಫಾಸ್ ತನ್ನ ಹೆಂಡತಿಯ ಹೊಲಿಗೆ ಟೇಪು ತಂದು ಅಳೆದ. ಪುನಃ ಅಳೆದ. ಆಮೇಲೆ ಮೇಜಿನ ಮೇಲಿನ ನನ್ನ ಸ್ಕೇಲಿಗೆ ಟೇಪು ಹಿಡಿದು ನಿಂತುಬಿಟ್ಟ.

"ದಾಸಣ್ಣ... ಇದು ಮಣ್ಣಿನ ಸ್ಕೇಲು ಮಾರಾಯ್ರೆ."

ಹಸಿ ಹಂಚು ಒಣಗಿ, ಭಟ್ಟಿಯಲ್ಲಿ ಬೆಂದು, ಹದಿಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ಅದಕ್ಕೆ ಅಚ್ಚಿನ ಡ್ರಾಯಿಂಗ್ ಮಾಡುವ ಸ್ಕೇಲಿನ ಇಂಚು ಮೊದಲೇ ಅಷ್ಟು ದೊಡ್ಡದು. ಅದರ ಒಂದು ಅಡಿ ಎಂದರೆ ಲೋಕದ ಹದಿಮೂರು ಇಂಚು. ಮೂವತ್ತು ವರ್ಷ ಅದನ್ನೇ ಹಿಡಿದ ಕೈ. ರಿಟೈರ್ ಆದ ದಿನ ಚೀಲದಲ್ಲಿ ಹಾಕಿಕೊಂಡು ಬಂದದ್ದೂ ಅದನ್ನೇ. ಪ್ಲೈವುಡ್ಡು ಭಟ್ಟಿಗೆ ಹೋಗುವುದಿಲ್ಲ ಎಂದು ನಮ್ಮಿಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಬೊನಿಫಾಸ್ ನಕ್ಕ. ನಗಬಾರದಿತ್ತು.

ಏನು ಹೇಳಿದೆನೋ ಎಲ್ಲ ನೆನಪಿಲ್ಲ. ಕುಡುಕ ಎಂದೆ. ಅವನು ಕುಡಿಯುವುದಿಲ್ಲ. ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡ. "ಮುಗೀತಾ? ಹಾಗಾದ್ರೆ ನಾನು ಹೋಗ್ತೇನೆ."

ಅಷ್ಟು ಹೊತ್ತಿಗೆ ವಾರಿಜ ಮೆಟ್ಟಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸಾರಿನ ಪಾತ್ರೆ.

"ಹೀಗೇ ಅಲ್ವಾ ಬಾವ, ವಿಮಾನದಲ್ಲೂ?"

"ಎಂತ?"

"ಅಕ್ಕ ಹಡಗು ಹತ್ತಿದ್ದು ಬಾಗಿಲಿಗಾಗಿ ಅಲ್ಲ. ಎರಡು ವರ್ಷ ಬಾಯಿ ಮುಚ್ಚಿ ಕೂತೆ, ಇವತ್ತು ಹೇಳ್ತೇನೆ. ಕಾಲು ಕಂಡ್ರೆ ಕಾಣ್ಲಿ, ನಾನು ರೋಗದವಳಲ್ವಾ ಅಂದಿದ್ಲು. ಅಷ್ಟು ಜನ ತಿರುಗಿ ನೋಡಿದ್ದು ನಿಮ್ಮ ಬೊಬ್ಬೆಗೆ. ಅವಳು ಅಲ್ಲಿ ಕೂತೇ ಇದ್ಲು, ನೀವು ಪೈಲಟನ್ನ ಕರೆಸಿದ್ರಿ. ಇನ್ನು ಇವರ ಒಟ್ಟಿಗೆ ವಿಮಾನ ಬೇಡ ವಾರಿಜ, ಹಡಗಾದ್ರೆ ದೊಡ್ಡದು, ಇವರು ಡೆಕ್ಕಿನ ಆ ತುದಿಯಲ್ಲಿ ಬೊಬ್ಬೆ ಹಾಕಿದ್ರೂ ನನಗೆ ಕೇಳುದಿಲ್ಲ — ಹೀಗೆ ಹೇಳಿದ್ದು ನಿಮ್ಮ ಹೆಂಡ್ತಿ."

ಹೊರಗೆ ನಡೆ ಎಂದೆ.

ಪಾತ್ರೆ ಮೆಟ್ಟಿಲ ಮೇಲಿಟ್ಟು ಹೋದಳು.

೨೬ ಜನವರಿ

ಸುಳ್ಳು.

೩೦ ಜನವರಿ

ವಾರಿಜ ಸುಳ್ಳು ಹೇಳುವ ಹೆಂಗಸಲ್ಲ.

೮ ಫೆಬ್ರವರಿ, ಬುಧವಾರ

ಇಷ್ಟು ದಿನ ಕಂಪೆನಿಯ ಮೇಲೆ ಸಿಟ್ಟಿತ್ತು. ಆ ಹಿಂದಿನ ಸಾಲಿನವನ ಮೇಲೆ, ಹಡಗಿನ ಮೇಲೆ, ಡಾಕ್ಟರ ಮೇಲೆ. ಎಲ್ಲಾದರೂ ಇಡಲಿಕ್ಕೆ ಒಂದು ಜಾಗ ಇತ್ತು. ಈಗ ಮನೆಯೊಳಗೆ ನನ್ನೊಟ್ಟಿಗೆ ಓಡಾಡುತ್ತದೆ. ಬೆಳಿಗ್ಗೆ ಕ್ಷೌರಕ್ಕೆ ಕೂತರೆ ಕನ್ನಡಿಯಲ್ಲಿ ಅದರದೇ ಮುಖ.

ಪೆಟ್ಟಿಗೆ ಒಡೆದು ಒಲೆಗೆ ಹಾಕುವ ಎಂದು ಕೊಡಲಿ ತೆಗೆದೆ. ಹಾಕಲಿಲ್ಲ. ನಾನು ಬೊಬ್ಬೆ ಹಾಕಿದ್ದು ಸರಿ — ಅಲ್ಲ, ಹಾಕಿದ್ದು ನಿಜ. ಬಾಗಿಲು ಮುಚ್ಚದಿದ್ದದ್ದೂ ನಿಜವಲ್ಲವೇ? ಇನ್ನೊಬ್ಬಳು ಯಾರೋ ಪ್ಲಾಸ್ಟರ್ ಹಾಕಿಕೊಂಡು ಹತ್ತುತ್ತಾಳೆ. ಅವಳ ಗಂಡನ ಬಾಯಿ ಹೇಗಿರುತ್ತದೋ.

೧೦ ಫೆಬ್ರವರಿ, ಶುಕ್ರವಾರ

ಬೊನಿಫಾಸನ ಗೇಟಿಗೆ ಹೋದೆ.

"ಸಾರಿ ಹೇಳ್ಲಿಕ್ಕೆ ಬಂದದ್ದಾ, ಇಲ್ಲ ಬಾಕಿ ಬೈಗಳು ಕೊಡ್ಲಿಕ್ಕಾ?"

ಗೇಟಿನಲ್ಲೇ ನಿಂತು ಹೇಳಿದೆ. ಅವನ ಹೆಂಡತಿ ಕಿಟಕಿಯಿಂದ ಕೇಳಿದಳು. ಕೇಳಲಿ.

ಅಲ್ಲಿಂದ ಬಂದರಿಗೆ. ಅಹ್ಮದ್ ಬಾವ ಗೋದಾಮಿನ ಬಾಗಿಲಲ್ಲಿ ಮೆಣಸಿನ ಗೋಣಿ ಎಣಿಸುತ್ತಿದ್ದ. "ಬನ್ನಿ ಬನ್ನಿ! ನೀವು ಜೆಪ್ಪುವಿನಲ್ಲಿ ಬೈದದ್ದು ಇಲ್ಲಿ ತನಕ ಕೇಳಿದೆ. ಕೂತುಕೊಳ್ಳಿ, ಚಾ ಕುಡೀರಿ. ನನಗೆ ಮೀಸೆ ಯಾವಾಗ ಬಂತು ಅಂತ ಆಮೇಲೆ ಲೆಕ್ಕ ಮಾಡುವ."

ಜಮಾಲುದ್ದೀನನಿಗೆ, "ನಿಮ್ಮ ಟೇಪು ಸರಿ," ಎಂದೆ. ಅಷ್ಟೇ ಬಂತು.

"ಟೇಪಿಗೆ ಬೇಜಾರಿಲ್ಲ ಸಾರ್. ಸೋಮವಾರ ನಾನು ಹೊರಡ್ತೇನೆ. ಆದಿತ್ಯವಾರ ಹನ್ನೊಂದಕ್ಕೆ ಬರ್ತೇನೆ. ಮೂವತ್ತಾರು ಆಗ್ಬೇಕು."

೧೧ ಫೆಬ್ರವರಿ, ಶನಿವಾರ

ಹೊಸ ಸ್ಕೇಲು. ಶಾಲೆ ಮಕ್ಕಳದ್ದು, ಹಳದಿ ಬಣ್ಣ. ಇಂಚುಗಳು ಎಷ್ಟು ಸಣ್ಣ ಕಾಣುತ್ತವೆ!

ಬೊನಿಫಾಸ್ ಮೂರು ಇಂಚು ಗರಗಸದಲ್ಲಿ ತೆಗೆದ. ಕಾಲು ಹಿಡಿಯುವುದಿಲ್ಲ ಎಂದು ಕಣ್ಣಿಗೇ ಕಂಡಿತು. ಕೂತುಬಿಟ್ಟೆ. ಬೈಯಲಿಕ್ಕೆ ಬಾಯಿ ತೆರೆದೆ, ಯಾರಿಗೆಂದು ಗೊತ್ತಾಗಲಿಲ್ಲ, ಮುಚ್ಚಿದೆ.

ಬೊನಿಫಾಸ್ ಗೋಡೆ ತಟ್ಟಿದ. "ದಾಸಣ್ಣ, ಇದರ ಆಚೆ ಎಂತ ಉಂಟು?"

"ಪ್ಯಾಸೆಂಜರನ ಸೀಟು."

"ಸೀಟಿನ ಅಡಿಯಲ್ಲಿ?"

ಏನೂ ಇಲ್ಲ! ಗಾಳಿ. ಯಾರೂ ಟಿಕೆಟ್ ತೆಗೆಯದ ಜಾಗ. ನೆಲದ ಮಟ್ಟದಲ್ಲಿ ಗೋಡೆ ಕೊರೆದು ಆಚೆಗೆ ಒಂದು ಸಣ್ಣ ಗೂಡು ಮಾಡಿದರೆ ಹಿಮ್ಮಡಿ ಅದರೊಳಗೆ ಕೂರುತ್ತದೆ. ಅಗಲ ಮೂವತ್ತಾರೇ. ಸೀಟಿನ ಒಂದು ಸಾಲೂ ಹೋಗುವುದಿಲ್ಲ. ಬೊನಿಫಾಸನನ್ನು ತಬ್ಬಿಕೊಳ್ಳುವ ಎನಿಸಿತು. ಗರಗಸ ಹಿಡಿದಿದ್ದ, ಬಿಟ್ಟೆ.

ವಾರಿಜಳಿಗೆ ಬಾಗಿಯ ಹತ್ತಿರ ಹೇಳಿ ಕಳಿಸಿದೆ. ಉತ್ತರ ಬಂತು: 'ಬರುತ್ತೇನೆ. ಅಕ್ಕನಿಗಾಗಿ, ನಿಮಗಲ್ಲ.'

೧೨ ಫೆಬ್ರವರಿ, ಭಾನುವಾರ. ಹತ್ತೂ ಮುಕ್ಕಾಲು

ವಾರಿಜ ಒಳಗೆ ಕೂತಿದ್ದಾಳೆ. ಕಾಲು ಕಟ್ಟಿ ಆಯಿತು, ಹಿಮ್ಮಡಿ ಗೂಡಿಗೆ ಹೋಯಿತು. ಜಮಾಲುದ್ದೀನ್ ಕಾಲು ಗಂಟೆ ಮೊದಲೇ ಬಂದು ಟೇಪು ಬಿಡಿಸಿದ — ಮೂವತ್ತಾರು. ಇನ್ನು ಬಾಗಿಲು ಎಳೆದು ನೋಡುವುದೊಂದೇ ಬಾಕಿ. ಪೆನ್ಸಿಲ್ ತರುತ್ತೇನೆಂದು ಹೇಳಿ ಕೋಣೆಗೆ ಬಂದೆ. ಪೆನ್ಸಿಲ್ ಕಿವಿಯ ಮೇಲೇ ಉಂಟು.

"ಬಾವ! ಎಳೆಯಿರಿ ಒಮ್ಮೆ, ಕಾಲು ಜೋಮು ಹಿಡೀತು!"

"ನಾನು ಎಳೀಲಾ ದಾಸಣ್ಣ?" ಬೊನಿಫಾಸ್.

ಬೇಡ. ನಾನೇ ಎಳೆಯಬೇಕು. ಮುಚ್ಚಿದರೆ ಡ್ರಾಯಿಂಗ್ ನಾಳೆ ಬೊಂಬಾಯಿಗೆ. ಮುಚ್ಚದಿದ್ದರೆ, ಅವಳು ಒಳಗೆ ಕೂತಿರುವಷ್ಟು ಹೊತ್ತು ನನ್ನ ಬಾಯಿಂದ ಒಂದು ಶಬ್ದವೂ ಹೊರಡಬಾರದು.